ಡೆಬಿಯನ್ 11ರಿಂದ 13ಕ್ಕೆ 30 ಯಂತ್ರ: ನೇರವಾಗಿ ಹೋಗಬಹುದಾ? ಒಂದೇ ಪ್ಯಾಕೇಜನ್ನು 30 ಸಲ ಇಳಿಸಬೇಕಾ?

ಶಿರಾಗೇಟ್_ಲ್ಯಾಬ್ (ತುಮಕೂರು)

ಕಾಲೇಜಿನ ಲ್ಯಾಬ್. 30 ಯಂತ್ರ, ಎಲ್ಲದರಲ್ಲೂ ಡೆಬಿಯನ್ 11 (ಲಿನಕ್ಸ್‌ನ ಒಂದು ಬಗೆ), ಗ್ನೋಮ್ ಡೆಸ್ಕ್‌ಟಾಪ್. 24ರಲ್ಲಿ 8 ಜಿಬಿ ರ್‍ಯಾಮ್, ಹಳೇ 6ರಲ್ಲಿ 4 ಜಿಬಿ. ಆ 6ರಲ್ಲಿ ಯಾರೋ 32 ಬಿಟ್ ಡೆಬಿಯನ್ ಹಾಕಿದ್ದಾರೆ. ನೆಟ್ 40 ಎಂಬಿಪಿಎಸ್‌ನ ಒಂದೇ ಲೈನ್, ಆಫೀಸಿನವರೂ ಅದನ್ನೇ ಬಳಸುತ್ತಾರೆ. ಯುಪಿಎಸ್ 20 ನಿಮಿಷ ತಡೆಯುತ್ತದೆ, ಅದಕ್ಕಿಂತ ಹೆಚ್ಚು ನಂಬೋ ಹಾಗಿಲ್ಲ.

ಕೇಳಬೇಕಾದ್ದು ಇಷ್ಟು. 11ರಿಂದ ನೇರ 13ಕ್ಕೆ ಹೋಗಬಹುದಾ? ಪ್ರತಿ ಯಂತ್ರವೂ ಬೇರೆ ಬೇರೆಯಾಗಿ ಡೌನ್‌ಲೋಡ್ ಮಾಡದಂತೆ ಏನಾದರೂ ವ್ಯವಸ್ಥೆ ಇದೆಯಾ? ಇನ್ನೊಂದು: ಕನ್ನಡ ಕೆಜಿಪಿ ಕೀಲಿಮಣೆಯ ಫೈಲಿನಲ್ಲಿ ನಮಗೆ ಬೇಕಾದ ಎರಡು ಮೂರು ಬದಲಾವಣೆ ಮಾಡಿಕೊಂಡಿದ್ದೇವೆ. ಪ್ಯಾಕೇಜ್ ಅಪ್‌ಡೇಟ್ ಆದಾಗಲೆಲ್ಲ ಅದು ಮಾಯವಾಗಿ ಹಳೇ ಫೈಲೇ ಬಂದು ಕೂರುತ್ತದೆ. ಆಪ್ಟ್-ಮಾರ್ಕ್ ಹೋಲ್ಡ್ (ಪ್ಯಾಕೇಜ್ ಅಪ್‌ಡೇಟ್ ಆಗದಂತೆ ತಡೆ) ಹಾಕಿ ಸುಮ್ಮನಿರಬಹುದಾ?

ಅಂತರಗಂಗೆ (ಕೋಲಾರ)

ನೇರ ಹೋಗೋದು ಬೇಡ. 11ರಿಂದ 12, ರೀಬೂಟ್, ಆಮೇಲೆ 13. ಸುಮ್ಮನೆ ಹೆದರಿಸಲು ಬರೆದ ನಿಯಮ ಅಲ್ಲ ಇದು. ಒಂದು ಪ್ಯಾಕೇಜಿನ ಹೆಸರು ಬದಲಾದಾಗ ಹಳೇ ಹೆಸರಿನಲ್ಲಿ ಒಂದು ಖಾಲಿ ಪ್ಯಾಕೇಜನ್ನು ಒಂದು ಆವೃತ್ತಿಯ ಮಟ್ಟಿಗೆ ಇಟ್ಟಿರುತ್ತಾರೆ, ಹಳಬರನ್ನು ಹೊಸ ಹೆಸರಿಗೆ ದಾಟಿಸುವುದಕ್ಕೆ. ಅದರ ಮುಂದಿನ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕುತ್ತಾರೆ. ಪ್ಯಾಕೇಜಿನೊಳಗಿನ ಇನ್‌ಸ್ಟಾಲ್ ಸ್ಕ್ರಿಪ್ಟುಗಳ ಕಥೆಯೂ ಅಷ್ಟೇ: ಒಂದು ಆವೃತ್ತಿ ಹಿಂದಿನ ಸೆಟ್ಟಿಂಗನ್ನು ಹೊಸದಕ್ಕೆ ತಿರುಗಿಸುವ ಕೋಡ್ ಇರುತ್ತದೆ, ಎರಡು ಆವೃತ್ತಿ ಹಿಂದಿನದಕ್ಕೆ ಇರಬೇಕೆಂದಿಲ್ಲ. ಮಧ್ಯದ ಮೆಟ್ಟಿಲು ಬಿಟ್ಟರೆ ಈ ಎರಡೂ ತಪ್ಪಿಹೋಗುತ್ತವೆ. ಜೊತೆಗೆ ಬಿನ್, ಲಿಬ್ ಡೈರೆಕ್ಟರಿಗಳನ್ನು ಯುಎಸ್‌ಆರ್ ಒಳಕ್ಕೆ ಸೇರಿಸುವ ಕೆಲಸ ಹಳೇ ಯಂತ್ರಗಳಲ್ಲಿ ಮುಗಿಯುವುದು 12ರಲ್ಲಿ. ಅದು ಆಗಿದೆ ಎಂದು ನಂಬಿಕೊಂಡೇ 13 ಕಟ್ಟಲಾಗಿದೆ.

ಆ 6 ಯಂತ್ರಗಳನ್ನು ಈ ಲೆಕ್ಕದಿಂದ ಹೊರಗಿಡಿ. 13ರಲ್ಲಿ 32 ಬಿಟ್ ಪಿಸಿಗೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರೂ ಇಲ್ಲ. ಲಿಸ್ಕ್‌ಪಿಯು ಎಂದು ಹೊಡೆದು ನೋಡಿ, ‘32 ಬಿಟ್, 64 ಬಿಟ್’ ಎಂದು ಎರಡೂ ತೋರಿಸಿದರೆ ಪ್ರೊಸೆಸರ್ 64 ಬಿಟ್‌ನದೇ, ಹಾಕಿರುವ ಸಿಸ್ಟಂ ಮಾತ್ರ 32. ಹೋಮ್ ಫೋಲ್ಡರ್ ಬೇರೆ ಕಡೆ ಇಟ್ಟು ಹೊಸದಾಗಿ 64 ಬಿಟ್ ಹಾಕಿ. ಇದ್ದಲ್ಲೇ 32ನ್ನು 64 ಮಾಡುವ ದಾರಿ ಇದೆ, ಆದರೆ ಆರು ಯಂತ್ರಕ್ಕೆ ಆರು ದಿನ ಹೋಗುತ್ತದೆ.

(ಆಜ್ಞೆಗಳನ್ನೆಲ್ಲ ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇವೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹೊಡೆಯಿರಿ.)

ಉಳಿದ 24ರಲ್ಲಿ ಅಪ್‌ಗ್ರೇಡ್‌ಗೆ ಕೈ ಹಾಕುವ ಮೊದಲಿನ ತಪಾಸಣೆಯೇ ಮುಖ್ಯ. ಕೆಡುವ ಯಂತ್ರಗಳಲ್ಲಿ ಹೆಚ್ಚಿನವು ಮೊದಲೇ ಅರ್ಧ ಕೆಟ್ಟಿರುತ್ತವೆ.

ಆಪ್ಟ್ ಎಂದರೆ ಪ್ಯಾಕೇಜುಗಳನ್ನು ರೆಪೊದಿಂದ (ಪ್ಯಾಕೇಜ್ ಭಂಡಾರ) ತರುವ ಸಾಧನ, ಡಿಪಿಕೆಜಿ ಎಂದರೆ ಅವನ್ನು ಬಿಚ್ಚಿ ಹಾಕುವ ಸಾಧನ. ಡಿಪಿಕೆಜಿ --ಆಡಿಟ್ ಏನೂ ಹೇಳದೆ ಸುಮ್ಮನೆ ಮರಳಬೇಕು. ಆಪ್ಟ್-ಮಾರ್ಕ್ ಶೋಹೋಲ್ಡ್ ಖಾಲಿ ಇರಬೇಕು. ಆಮೇಲೆ ಆಪ್ಟ್ ಲಿಸ್ಟ್ '?ಅಬ್ಸಲೀಟ್' ಹೊಡೆಯಿರಿ: ಯಾವ ರೆಪೊದಲ್ಲೂ ಇಲ್ಲದ, ಕೈಯಾರೆ ಡೆಬ್ ಫೈಲಿನಿಂದ ಹಾಕಿದ ಪ್ಯಾಕೇಜುಗಳು ಅಲ್ಲಿ ಕಾಣುತ್ತವೆ. ಹೊರಗಿನ ರೆಪೊದಿಂದ ಬಂದವು ಅದರಲ್ಲಿ ಬರುವುದಿಲ್ಲ, ಅದಕ್ಕೆ ಆಪ್ಟ್ ಲಿಸ್ಟ್ '?ನ್ಯಾರೋ(?ಇನ್‌ಸ್ಟಾಲ್ಡ್, ?ನಾಟ್(?ಆರಿಜಿನ್(ಡೆಬಿಯನ್)))'. ಇಲ್ಲಿ ಡೆಬಿಯನ್ ಪದದ ಮೊದಲ ಅಕ್ಷರ ದೊಡ್ಡದು. ಈ ಪಟ್ಟಿಯಲ್ಲಿ ಬರೀ ಬ್ರೌಸರ್ ಇದ್ದರೆ ಚಿಂತೆ ಇಲ್ಲ. ಲಿಬ್ ಎಂದು ಶುರುವಾಗುವ ಹೆಸರುಗಳಿದ್ದರೆ ಮೊದಲು ಅವನ್ನು ಡೆಬಿಯನ್ ಆವೃತ್ತಿಗೆ ತನ್ನಿ ಇಲ್ಲವೇ ತೆಗೆಯಿರಿ. ಹೊರಗಿನ ಲೈಬ್ರರಿಯ ಆವೃತ್ತಿ ಸಂಖ್ಯೆ ಡೆಬಿಯನ್‌ನದಕ್ಕಿಂತ ಮೇಲಿದ್ದರೆ ಆಪ್ಟ್ ಅದನ್ನು ಕೆಳಗಿಳಿಸಲ್ಲ, ಅದನ್ನು ಉಳಿಸಲು ಉಳಿದ ನಲವತ್ತು ಪ್ಯಾಕೇಜ್ ಬಲಿಕೊಡಲು ಹೊರಡುತ್ತದೆ. ಹೊರಗಿನ ರೆಪೊಗಳ ಸಾಲುಗಳ ಮುಂದೆ # ಹಾಕಿ ಮುಚ್ಚಿ, ಎಲ್ಲ ಮುಗಿದ ಮೇಲೆ ತೆರೆಯಿರಿ.

12ಕ್ಕೆ: ರೆಪೊಗಳ ಪಟ್ಟಿಯಾದ ಸೋರ್ಸಸ್.ಲಿಸ್ಟ್‌ನಲ್ಲಿ ಬುಲ್ಸ್‌ಐ (11ರ ಹೆಸರು) ಇದ್ದಲ್ಲೆಲ್ಲ ಬುಕ್‌ವರ್ಮ್ (12ರ ಹೆಸರು) ಮಾಡಿ, ಮತ್ತು ನಾನ್-ಫ್ರೀ ಇರುವ ಸಾಲಿಗೆ ನಾನ್-ಫ್ರೀ-ಫರ್ಮ್‌ವೇರ್ ಎಂಬ ಹೊಸ ವಿಭಾಗ ಸೇರಿಸಿ. ಇದನ್ನು ಮರೆತರೆ ಅಪ್‌ಗ್ರೇಡ್ ನೆಟ್ಟಗೇ ಆಗುತ್ತದೆ, ಆದರೆ ವೈಫೈ ಫರ್ಮ್‌ವೇರ್ ಹಳೇದೇ ಉಳಿಯುತ್ತದೆ. ಆಮೇಲೆ ಕ್ರಮವಾಗಿ ಆಪ್ಟ್ ಅಪ್‌ಡೇಟ್, ಆಪ್ಟ್ ಅಪ್‌ಗ್ರೇಡ್ --ವಿತೌಟ್-ನ್ಯೂ-ಪಿಕೆಜಿಎಸ್, ಆಪ್ಟ್ ಫುಲ್-ಅಪ್‌ಗ್ರೇಡ್. ಕೊನೆಯದಕ್ಕೆ ಮೊದಲು -ಎಸ್ ಸೇರಿಸಿ ಒಂದು ಸಲ ಸುಮ್ಮನೆ ಓಡಿಸಿ, ‘ರೆಮ್ವ್’ ಎಂದು ಶುರುವಾಗುವ ಸಾಲುಗಳನ್ನು ಕಣ್ಣಿಟ್ಟು ಓದಿ. ಗ್ನೋಮ್, ನೆಟ್‌ವರ್ಕ್-ಮ್ಯಾನೇಜರ್ ಅಲ್ಲಿದ್ದರೆ ನಿಲ್ಲಿಸಿ.

ಡೆಸ್ಕ್‌ಟಾಪ್ ಒಳಗಿನ ಟರ್ಮಿನಲ್‌ನಿಂದ ಮಾಡಬೇಡಿ. ಮಧ್ಯದಲ್ಲಿ ಗ್ನೋಮ್ ಬಿದ್ದರೆ ಅದರೊಳಗಿನ ಆಪ್ಟೂ ಸಾಯುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಕನ್ಸೋಲ್‌ಗೆ ಹೋಗಿ, ಅಥವಾ ಎಸ್‌ಎಸ್‌ಎಚ್‌ನಲ್ಲಾದರೆ ಟಿಮಕ್ಸ್ (ಸಂಪರ್ಕ ಕಡಿದರೂ ಕೆಲಸ ನಿಲ್ಲದಂತೆ ಇಡುವ ಸಾಧನ) ಒಳಗೆ.

13ಕ್ಕೆ ಹೋಗುವಾಗ ತೆಗೆದುಹಾಕುವ ಪಟ್ಟಿ ಉದ್ದ ಬರುತ್ತದೆ, ಗಾಬರಿ ಬೇಡ. ಲಿಬ್‌ಎಸ್‌ಎಸ್‌ಎಲ್3 ಹೋಗಿ ಲಿಬ್‌ಎಸ್‌ಎಸ್‌ಎಲ್3ಟಿ64 ಬರುತ್ತದೆ, ಹಾಗೆ ಹಲವು. 32 ಬಿಟ್ ಆರ್ಮ್ ಮುಂತಾದವುಗಳಲ್ಲಿ ಸಮಯದ ಲೆಕ್ಕ 2038ರ ಜನವರಿ 19ಕ್ಕೆ ತುಂಬಿಹೋಗುವುದನ್ನು ಸರಿಪಡಿಸಲು ಲೈಬ್ರರಿಗಳನ್ನು ಹೊಸ ಹೆಸರಿನಲ್ಲಿ ಕಟ್ಟಿದರು. ನಿಮ್ಮ 64 ಬಿಟ್ ಯಂತ್ರದಲ್ಲಿ ಬರೀ ಹೆಸರು ಬದಲಾವಣೆ. ಟಿ64 ಜೋಡಿ ಇಲ್ಲದೆ ಹೋಗುತ್ತಿರುವ ಹೆಸರುಗಳನ್ನಷ್ಟೇ ನೋಡಿ.

ತಿಪಟೂರು_ಕೊಬ್ಬರಿ

ಡೌನ್‌ಲೋಡ್ ವಿಷಯಕ್ಕೆ ಆಪ್ಟ್-ಕ್ಯಾಶರ್-ಎನ್‌ಜಿ. ಲ್ಯಾಬಿನ ಒಂದು ಯಂತ್ರದಲ್ಲಿ ಹಾಕಿ, ಅದಕ್ಕೆ ಸ್ಥಿರ ಐಪಿ ಕೊಡಿ, ಉದಾಹರಣೆಗೆ 192.168.1.10. ಅದು 3142ನೇ ಪೋರ್ಟಿನಲ್ಲಿ ಕೂರುತ್ತದೆ. ಉಳಿದ ಯಂತ್ರಗಳಲ್ಲಿ /ಇಟಿಸಿ/ಆಪ್ಟ್/ಆಪ್ಟ್.ಕಾನ್ಫ್.ಡಿ/01ಪ್ರಾಕ್ಸಿ ಎಂಬ ಫೈಲ್ ಮಾಡಿ ಒಂದೇ ಸಾಲು:

ಅಕ್ವೈರ್::ಎಚ್‌ಟಿಟಿಪಿ::ಪ್ರಾಕ್ಸಿ "ಎಚ್‌ಟಿಟಿಪಿ://192.168.1.10:3142";

ಕೊನೆಯ ಸೆಮಿಕೋಲನ್ ಬಿಟ್ಟರೆ ಆಪ್ಟ್ ಏನೂ ಮಾಡದೆ ಬೈಯುತ್ತದೆ.

ಮೊದಲ ಯಂತ್ರ ಇಳಿಸಿದ ಪ್ಯಾಕೇಜ್ ಅಲ್ಲೇ ಉಳಿಯುತ್ತದೆ, ಎರಡನೆಯದರಿಂದ ಲ್ಯಾಬಿನ ಒಳಗಿನ ಲೈನಿನಲ್ಲೇ ಸರಬರಾಜು. ಗ್ನೋಮ್ ಇರುವ ಯಂತ್ರಕ್ಕೆ ಒಂದು ಮೆಟ್ಟಿಲಿಗೆ ಒಂದೂವರೆಯಿಂದ ಎರಡು ಜಿಬಿ ಇಟ್ಟುಕೊಳ್ಳಿ. ಸರಿಯಾದ ಅಂಕಿಯನ್ನು ಆಪ್ಟ್ ವೈ/ಎನ್ ಕೇಳುವ ಮುಂಚೆ ತೋರಿಸುತ್ತದೆ. ಎರಡು ಜಿಬಿ ಅಂದರೆ 40 ಎಂಬಿಪಿಎಸ್ ಪೂರ್ತಿ ಸಿಕ್ಕರೂ ಏಳು ನಿಮಿಷ. 24 ಯಂತ್ರ, ಎರಡು ಮೆಟ್ಟಿಲು ಎಂದರೆ ಐದೂವರೆ ಗಂಟೆ ಬರೀ ಡೌನ್‌ಲೋಡ್, ಅಷ್ಟು ಹೊತ್ತೂ ಆಫೀಸಿನವರು ನಿಮ್ಮ ಲ್ಯಾಬಿನ ಬಾಗಿಲಲ್ಲಿ. ಕ್ಯಾಶರ್ ಇದ್ದರೆ ಅದು ಕಾಲು ಗಂಟೆಯ ಮಾತು.

ಇದರಲ್ಲಿ ಎಲ್ಲರೂ ಎಡವುವ ಜಾಗ ಒಂದೇ. ಸೋರ್ಸಸ್‌ನಲ್ಲಿ ಎಚ್‌ಟಿಟಿಪಿಎಸ್ ಎಂದಿದ್ದರೆ ಕ್ಯಾಶರ್ ಒಳಗೆ ನೋಡಲಾರದು, 403 ಕೊಟ್ಟು ‘ಕನೆಕ್ಟ್ ಡಿನೈಡ್’ ಎನ್ನುತ್ತದೆ. ನೆಟ್‌ನಲ್ಲಿ ಹುಡುಕಿದರೆ ಪಾಸ್‌ಥ್ರೂಪ್ಯಾಟರ್ನ್ ಎಂದು ಒಂದು ಸಾಲು ಸೇರಿಸಲು ಹೇಳುತ್ತಾರೆ. ಸೇರಿಸಿದರೆ ತಪ್ಪು ಹೋಗುತ್ತದೆ ನಿಜ, ಆದರೆ ಫೈಲು ಕ್ಯಾಶ್ ಆಗುವುದೇ ಇಲ್ಲ, 30 ಸಲ ಇಳಿಯುತ್ತದೆ. ಡೆಬಿಯನ್‌ನ ಸಾಲುಗಳನ್ನು ಬರೀ ಎಚ್‌ಟಿಟಿಪಿ ಮಾಡಿ. ಸುರಕ್ಷತೆಗೆ ಧಕ್ಕೆ ಇಲ್ಲ: ರಿಲೀಸ್ ಫೈಲಿಗೆ ಡೆಬಿಯನ್ ಸಹಿ ಇರುತ್ತದೆ, ಅದರೊಳಗೆ ಪ್ಯಾಕೇಜ್ ಪಟ್ಟಿಗಳ ಹ್ಯಾಶ್, ಪಟ್ಟಿಯೊಳಗೆ ಪ್ರತಿ ಡೆಬ್‌ನ ಹ್ಯಾಶ್. ದಾರಿಯಲ್ಲಿ ಯಾರಾದರೂ ತಿದ್ದಿದರೆ ಆಪ್ಟ್ ಒಪ್ಪುವುದಿಲ್ಲ.

24ನ್ನೂ ಒಟ್ಟಿಗೆ ಬಿಡಬೇಡಿ. ತೋಟಕ್ಕೆ ಪಾತಿ ಪಾತಿಯಾಗಿ ನೀರು ಬಿಡೋ ಹಾಗೆ, ಮೊದಲು ಒಂದು, ಅದು ಎರಡು ದಿನ ಪಾಠಕ್ಕೆ ಬಳಕೆಯಾಗಲಿ, ಆಮೇಲೆ ನಾಲ್ಕು ನಾಲ್ಕು.

ಚಿಂತಾಮಣಿ_ಟರ್ಮಿನಲ್

ಕೀಲಿಮಣೆ ಬಗ್ಗೆ. ನೀವು ತಿದ್ದಿರೋದು /ಯುಎಸ್‌ಆರ್/ಶೇರ್/ಎಂ17ಎನ್/ಕೆಎನ್-ಕೆಜಿಪಿ.ಮಿಮ್ ಇರಬೇಕು. /ಇಟಿಸಿ ಕೆಳಗಿನ ಸೆಟ್ಟಿಂಗ್ ಫೈಲುಗಳನ್ನು ನೀವು ತಿದ್ದಿದ್ದರೆ ಡಿಪಿಕೆಜಿ ಕೇಳಿಯೇ ಮುಂದೆ ಹೋಗುತ್ತದೆ. /ಯುಎಸ್‌ಆರ್ ಕೆಳಗಿನದೆಲ್ಲ ಪ್ಯಾಕೇಜಿನ ಸ್ವತ್ತು, ಅಲ್ಲಿ ಕೇಳುವ ಪದ್ಧತಿ ಇಲ್ಲ, ಹೊಸ ಆವೃತ್ತಿ ಬಂದರೆ ಮೇಲೆ ಬರೆದುಬಿಡುತ್ತದೆ.

ಹೋಲ್ಡ್ ಹಾಕಬೇಡಿ. ಈ ಕೀಲಿಮಣೆ ಫೈಲುಗಳಿರುವ ಎಂ17ಎನ್-ಡಿಬಿ ಪ್ಯಾಕೇಜಿಗೆ ಹೋಲ್ಡ್ ಹಾಕಿದರೆ ಅದನ್ನು ನೆಚ್ಚಿದ ಐಬಸ್ (ಟೈಪಿಂಗ್ ವ್ಯವಸ್ಥೆ) ಪ್ಯಾಕೇಜುಗಳೂ ತಡೆಯಬಹುದು, ಮುಂದೆ ಆವೃತ್ತಿ ದಾಟುವಾಗ ಅದೇ ಕಾಲಿಗೆ ತೊಡರುತ್ತದೆ. ಹೋಲ್ಡ್ ಹಾಕಿದವರು ವರ್ಗವಾಗಿ ಹೋಗಿರುತ್ತಾರೆ, ಹೋಲ್ಡ್ ಮಾತ್ರ ಅಲ್ಲೇ ಇರುತ್ತದೆ.

ಎಲ್ಲಕ್ಕಿಂತ ಸುಲಭ: ಫೈಲನ್ನು ಬೇರೆ ಹೆಸರಿಗೆ ನಕಲು ಮಾಡಿ, ಕೆಎನ್-ಲ್ಯಾಬ್.ಮಿಮ್ ಎಂದಿಟ್ಟುಕೊಳ್ಳಿ. ಒಳಗೆ ಮೇಲ್ಗಡೆ ‘(ಇನ್‌ಪುಟ್-ಮೆಥಡ್ ಕೆಎನ್ ಕೆಜಿಪಿ)’ ಎಂದಿರುವ ಕಡೆ ಕೆಜಿಪಿ ಬದಲು ಲ್ಯಾಬ್ ಮಾಡಿ, ಶೀರ್ಷಿಕೆಯನ್ನೂ ಬದಲಿಸಿ. ಆ ಹೆಸರಿನ ಫೈಲು ಯಾವ ಪ್ಯಾಕೇಜಿಗೂ ಸೇರಿದ್ದಲ್ಲ, ಆದ್ದರಿಂದ ಡಿಪಿಕೆಜಿ ಮುಟ್ಟುವುದಿಲ್ಲ. ಐಬಸ್ ರಿಸ್ಟಾರ್ಟ್ ಕೊಟ್ಟು, ಕನ್ನಡದ ಪಟ್ಟಿಯಿಂದ ಹೊಸದನ್ನು ಆರಿಸಿ. ಮೂಲ ಕೆಜಿಪಿಯೂ ಉಳಿಯುತ್ತದೆ. ಒಬ್ಬರಿಗೆ ಮಾತ್ರ ಸಾಕಾದರೆ ಅವರ ಹೋಮ್‌ನಲ್ಲಿ .ಎಂ17ಎನ್.ಡಿ ಎಂಬ ಫೋಲ್ಡರ್ ಮಾಡಿ ಅಲ್ಲಿಟ್ಟರೂ ಆಗುತ್ತದೆ.

ಇಲ್ಲ, ಅದೇ ಹೆಸರಿನಲ್ಲೇ ಬೇಕು ಎಂದರೆ ಡಿಪಿಕೆಜಿ-ಡೈವರ್ಟ್ ಇದೆ:

ಡಿಪಿಕೆಜಿ-ಡೈವರ್ಟ್ --ಲೋಕಲ್ --ರಿನೇಮ್ --ಆ್ಯಡ್ /ಯುಎಸ್‌ಆರ್/ಶೇರ್/ಎಂ17ಎನ್/ಕೆಎನ್-ಕೆಜಿಪಿ.ಮಿಮ್

ಇನ್ನು ಮುಂದೆ ಪ್ಯಾಕೇಜಿನ ಪ್ರತಿ ಅದೇ ಹೆಸರಿನ ಕೊನೆಗೆ .ಡಿಸ್ಟ್ರಿಬ್ ಅಂಟಿಸಿಕೊಂಡು ಪಕ್ಕದಲ್ಲಿ ಕೂರುತ್ತದೆ, ನಿಮ್ಮ ತಿದ್ದಿದ ಪ್ರತಿಯನ್ನು ಮೂಲ ಜಾಗದಲ್ಲಿ ನೀವೇ ನಕಲು ಮಾಡಿಡಬೇಕು. ನೀವೇ ಬೇರೆ ಹೆಸರು ಕೊಡುವುದಾದರೆ ಅದು .ಮಿಮ್ ಎಂದು ಮುಗಿಯದಿರಲಿ, ಮುಗಿದರೆ ಒಂದೇ ವಿಧಾನಕ್ಕೆ ಇಬ್ಬರು ವಾರಸುದಾರರು. ಡೈವರ್ಟ್‌ನ ದೋಷ ಏನೆಂದರೆ ಮೂಲದಲ್ಲಿ ತಪ್ಪು ತಿದ್ದಿದರೂ ನಿಮಗೆ ತಲುಪುವುದಿಲ್ಲ. ಆವೃತ್ತಿ ಬದಲಾದಾಗ ಎರಡನ್ನೂ ಡಿಫ್ ಹಾಕಿ ನೋಡಬೇಕು.

ಫೈಲು ಒಂದಲ್ಲ, ಹಲವು, ಜೊತೆಗೆ 30 ಯಂತ್ರಕ್ಕೂ ಹಂಚಬೇಕು ಎಂದರೆ ಆಗ ಸ್ವಂತ ಪ್ಯಾಕೇಜ್ ಕಟ್ಟುವುದು ಸರಿ. ಡೆಬ್-ಎಸ್‌ಆರ್‌ಸಿ ಸಾಲು ತೆರೆದು ಆಪ್ಟ್ ಸೋರ್ಸ್ ಎಂ17ಎನ್-ಡಿಬಿ, ಆಪ್ಟ್ ಬಿಲ್ಡ್-ಡೆಪ್ ಎಂ17ಎನ್-ಡಿಬಿ, ಬದಲಾವಣೆಯನ್ನು ಕ್ವಿಲ್ಟ್ ಪ್ಯಾಚ್ ಆಗಿ ಇಟ್ಟು, ಡಿಸಿಎಚ್ --ಲೋಕಲ್ +ತುಮ್, ಕೊನೆಗೆ ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್ -ಬಿ -ಯುಎಸ್ -ಯುಸಿ. ಆವೃತ್ತಿ ಸಂಖ್ಯೆಯ ಲೆಕ್ಕ ಇಲ್ಲಿ ತಿಳಿದಿರಬೇಕು. ಮೂಲ 2.4-3 ಆಗಿದ್ದರೆ ನಿಮ್ಮದು 2.4-3+ತುಮ್1. ಇದು 2.4-3ಕ್ಕಿಂತ ದೊಡ್ಡದು, 2.4-4ಕ್ಕಿಂತ ಚಿಕ್ಕದು. ಅಂದರೆ ಹೊಸ ಆವೃತ್ತಿ 2.4-4 ಆಗಿ ಬಂದರೆ ನಿಮ್ಮದನ್ನು ತಳ್ಳಿ ಕೂರುತ್ತದೆ, ನೀವು ಮತ್ತೆ ಕಟ್ಟಬೇಕು. ಅದೇ ಬೇಕಾದ್ದು ಕೂಡ. ಗೆಲ್ಲಬೇಕು ಅಂತ 99-1 ಎಂದು ಬರೆದುಕೊಂಡರೆ ಮುಂದೆ ಯಾವ ಅಪ್‌ಡೇಟೂ ಬರುವುದಿಲ್ಲ. + ಬದಲು ~ ಹಾಕಿದರೆ ತಲೆಕೆಳಗು: 2.4-3~ತುಮ್1 ಎಂಬುದು 2.4-3ಕ್ಕಿಂತ ಚಿಕ್ಕದು. ಸಂಶಯ ಬಂದರೆ ಡಿಪಿಕೆಜಿ --ಕಂಪೇರ್-ವರ್ಷನ್ಸ್ ಕೇಳಿ ನೋಡಿ.

ನಿಮ್ಮ ತಿದ್ದುಪಡಿ ಎಲ್ಲ ಕನ್ನಡಿಗರಿಗೂ ಬೇಕಾದ ಸರಿಪಡಿಕೆಯಾಗಿದ್ದರೆ ರಿಪೋರ್ಟ್‌ಬಗ್ ಮೂಲಕ ಕಳಿಸಿ. ಸ್ವೀಕಾರವಾದ ದಿನ ನಿಮ್ಮ ಪ್ಯಾಚನ್ನು ಕಸಕ್ಕೆ ಹಾಕಬಹುದು.

(ಕನ್ನಡ ಫಾಂಟ್ ಪ್ಯಾಕೇಜುಗಳಲ್ಲಿ ಫಾಂಟ್ಸ್-ಗುಬ್ಬಿ, ಫಾಂಟ್ಸ್-ನವಿಲು ಎರಡನ್ನೂ ಹಾಕಿ. ತುಮಕೂರಿನವರು ಖುಷಿಪಡಬೇಡಿ, ಪಕ್ಕದಲ್ಲಿ ನವಿಲು ಇರೋದರಿಂದ ಅದು ಹಕ್ಕಿ, ನಿಮ್ಮ ತಾಲ್ಲೂಕಲ್ಲ.)

ನಂದಿತಪ್ಪಲು (ಚಿಕ್ಕಬಳ್ಳಾಪುರ)

ನನ್ನದು ಭಿನ್ನಾಭಿಪ್ರಾಯ. 24 ಯಂತ್ರವೂ ಒಂದೇ ಥರ ಇದ್ದರೆ ಎರಡು ಮೆಟ್ಟಿಲು ಹತ್ತಿಸುವ ಕಷ್ಟ ಯಾಕೆ? ಒಂದರಲ್ಲಿ 13 ಹೊಸದಾಗಿ ಹಾಕಿ, ಬೇಕಾದ್ದೆಲ್ಲ ಸೇರಿಸಿ, ಕ್ಲೋನ್‌ಜಿಲ್ಲಾದಲ್ಲಿ ಇಮೇಜ್ ತೆಗೆದು ಉಳಿದವಕ್ಕೆ ಬಿಡಿ. ಎರಡು ದಿನದ ಕೆಲಸ ಅರ್ಧ ದಿನಕ್ಕೆ ಮುಗಿಯುತ್ತದೆ, ಹಳೇ ಕಸವೂ ಬರುವುದಿಲ್ಲ.

ಇಮೇಜ್ ತೆಗೆಯುವ ಮುಂಚೆ /ಇಟಿಸಿ/ಮೆಷಿನ್-ಐಡಿ ಫೈಲನ್ನು ಖಾಲಿ ಮಾಡಿ. ಅಳಿಸಬೇಡಿ, ಖಾಲಿ ಮಾಡಿ, ಮೊದಲ ಬೂಟ್‌ನಲ್ಲಿ ಹೊಸದು ಹುಟ್ಟುತ್ತದೆ. ಮಾಡದಿದ್ದರೆ ಎಲ್ಲವಕ್ಕೂ ಒಂದೇ ಗುರುತು, ಡಿಎಚ್‌ಸಿಪಿಯಲ್ಲಿ ಒಂದೇ ಐಪಿಗೆ ಕಿತ್ತಾಡಬಹುದು. /ಇಟಿಸಿ/ಎಸ್‌ಎಸ್‌ಎಚ್ ಒಳಗಿನ ಹೋಸ್ಟ್ ಕೀಗಳನ್ನು ಅಳಿಸಿ, ಪ್ರತಿ ಯಂತ್ರದಲ್ಲೂ ಡಿಪಿಕೆಜಿ-ರಿಕಾನ್ಫಿಗರ್ ಓಪನ್‌ಎಸ್‌ಎಸ್‌ಎಚ್-ಸರ್ವರ್ ಓಡಿಸಿ ಹೊಸದು ಮಾಡಿಸಿ. ಹೋಸ್ಟ್‌ನೇಮ್ ಕೈಯಾರೆ.

ಅಂತರಗಂಗೆ (ಕೋಲಾರ)

ಡಿಸ್ಕುಗಳು ಒಂದೇ ಗಾತ್ರ, ಮಕ್ಕಳ ಫೈಲು ಸರ್ವರಿನಲ್ಲಿ ಎಂದಾದರೆ ಒಪ್ಪುತ್ತೇನೆ, ಅದೇ ಸರಿ. ಪ್ರತಿ ಯಂತ್ರದಲ್ಲೂ ಬೇರೆ ಬೇರೆ ಹೋಮ್ ಇದ್ದರೆ ಅಪ್‌ಗ್ರೇಡೇ ವಾಸಿ.

ಶಿರಾಗೇಟ್_ಲ್ಯಾಬ್ (ತುಮಕೂರು)

ಫೈಲುಗಳೆಲ್ಲ ಆಯಾ ಯಂತ್ರದಲ್ಲೇ ಇವೆ, ಹಾಗಾಗಿ ಅಪ್‌ಗ್ರೇಡ್ ದಾರಿ. ಕ್ಯಾಶರ್ ಕೆಲಸ ಮಾಡುತ್ತಿದೆ. ಪರೀಕ್ಷೆಗೆ ತೆಗೆದುಕೊಂಡ ಯಂತ್ರ 12ಕ್ಕೆ ಹೋಗುವಾಗ ಮಧ್ಯದಲ್ಲಿ ಕರೆಂಟ್ ಹೋಯಿತು. ಈಗ ‘ಡಿಪಿಕೆಜಿ ವಾಸ್ ಇಂಟರಪ್ಟೆಡ್’ ಎನ್ನುತ್ತಿದೆ. ಡಿಪಿಕೆಜಿ --ಕಾನ್ಫಿಗರ್ -ಎ ಕೊಟ್ಟರೆ ಲಾಕ್ ಸಿಗುತ್ತಿಲ್ಲ ಎಂದು ನಿಲ್ಲುತ್ತದೆ. ಲಾಕ್ ಫೈಲ್ ಅಳಿಸಲಾ?

ಅಂತರಗಂಗೆ (ಕೋಲಾರ)

ಅಳಿಸಬೇಡಿ. ಆ ಫೈಲು ಇದೆ ಎನ್ನುವುದು ಲಾಕ್ ಅಲ್ಲ, ಅದರ ಮೇಲೆ ಕರ್ನಲ್ ಹಾಕಿರುವ ಹಿಡಿತ ಲಾಕ್. ರೀಬೂಟ್ ಆದ ಮೇಲೆ ಹಳೇ ಹಿಡಿತ ಉಳಿಯಲು ಸಾಧ್ಯವೇ ಇಲ್ಲ, ಅಂದರೆ ಈಗ ನಿಜವಾಗಿಯೂ ಇನ್ಯಾವುದೋ ಪ್ರಕ್ರಿಯೆ ಹಿಡಿದಿದೆ. ಅಳಿಸಿದರೆ ಅದು ಹಳೇ ಫೈಲನ್ನು ಹಿಡಿದೇ ಇರುತ್ತದೆ, ನಿಮ್ಮದು ಹೊಸ ಫೈಲ್ ಮಾಡಿ ಹಿಡಿಯುತ್ತದೆ, ಇಬ್ಬರೂ ಒಟ್ಟಿಗೆ ಡೇಟಾಬೇಸ್ ಬರೆಯುತ್ತಾರೆ. ಎಲ್‌ಎಸ್‌ಒಎಫ್ /ವಾರ್/ಲಿಬ್/ಡಿಪಿಕೆಜಿ/ಲಾಕ್-ಫ್ರಂಟ್‌ಎಂಡ್ ಹೊಡೆದರೆ ಯಾರೆಂದು ಗೊತ್ತಾಗುತ್ತದೆ. ಬಹುತೇಕ ಅನ್‌ಅಟೆಂಡೆಡ್-ಅಪ್‌ಗ್ರೇಡ್ ಇರುತ್ತದೆ: ಯಂತ್ರ ಆಫ್ ಇದ್ದಾಗ ತಪ್ಪಿದ ಓಟವನ್ನು ಬೂಟ್ ಆದ ಮೇಲೆ ತೀರಿಸಿಕೊಳ್ಳುವ ಹಾಗೆ ಅದರ ಟೈಮರ್ ಇದೆ. ಅದು ಮುಗಿಯುವವರೆಗೆ ಕಾಯಿರಿ. ಉಳಿದ ಯಂತ್ರಗಳಲ್ಲಿ ಅಪ್‌ಗ್ರೇಡ್ ಶುರು ಮಾಡುವ ಮುಂಚೆ ಆಪ್ಟ್-ಡೈಲಿ ಮತ್ತು ಆಪ್ಟ್-ಡೈಲಿ-ಅಪ್‌ಗ್ರೇಡ್ ಎರಡು ಟೈಮರ್‌ಗಳನ್ನೂ ಸಿಸ್ಟಂಸಿಟಿಎಲ್ ಸ್ಟಾಪ್ ಕೊಟ್ಟು ನಿಲ್ಲಿಸಿ.

ಆಮೇಲೆ ಡಿಪಿಕೆಜಿ --ಕಾನ್ಫಿಗರ್ -ಎ, ಅದು ಮುಗಿದ ಮೇಲೆ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್, ಮತ್ತೆ ಫುಲ್-ಅಪ್‌ಗ್ರೇಡ್. ಯಾವುದಾದರೂ ಪ್ಯಾಕೇಜಿನ ‘ಫೈಲ್ಸ್ ಲಿಸ್ಟ್’ ಕೆಟ್ಟಿದೆ ಎಂದರೆ /ವಾರ್/ಲಿಬ್/ಡಿಪಿಕೆಜಿ/ಇನ್ಫೊ ಒಳಗೆ ಆ ಹೆಸರಿನ .ಲಿಸ್ಟ್ ಫೈಲನ್ನು ಪಕ್ಕಕ್ಕೆ ಸರಿಸಿ ಆ ಪ್ಯಾಕೇಜನ್ನು --ರಿಇನ್‌ಸ್ಟಾಲ್ ಮಾಡಿ. ಸ್ಟೇಟಸ್ ಫೈಲೇ ಹಾಳಾಗಿದ್ದರೆ ಅದರ ಪಕ್ಕದಲ್ಲೇ ಸ್ಟೇಟಸ್-ಓಲ್ಡ್ ಇದೆ, /ವಾರ್/ಬ್ಯಾಕಪ್ಸ್‌ನಲ್ಲೂ ಹಿಂದಿನ ದಿನಗಳ ಪ್ರತಿಗಳಿವೆ.

ಲಿನಕ್ಸ್-ಇಮೇಜ್ ಹತ್ತಿರ ನಿಂತು ‘ಎರರ್ ಕೋಡ್ (1)’ ಎಂದರೆ ಮೇಲಿನ ಸಾಲುಗಳಲ್ಲಿ ಡಿಕೆಎಂಎಸ್ ಎಂದು ಹುಡುಕಿ. ವರ್ಚುವಲ್ ಮೆಷಿನ್ ತಂತ್ರಾಂಶ, ಹೊರಗಿನ ವೈಫೈ ಡ್ರೈವರ್ ಇಂಥವುಗಳ ಹಳೇ ಮಾಡ್ಯೂಲ್ ಹೊಸ ಕರ್ನಲ್‌ಗೆ ಕಂಪೈಲ್ ಆಗದೆ ಇಡೀ ಕರ್ನಲ್ ಪ್ಯಾಕೇಜನ್ನೇ ಅರ್ಧಕ್ಕೆ ನಿಲ್ಲಿಸುತ್ತದೆ. ಡಿಕೆಎಂಎಸ್ ಸ್ಟೇಟಸ್ ನೋಡಿ ಆ ಮಾಡ್ಯೂಲ್ ತೆಗೆದು ಮತ್ತೆ --ಕಾನ್ಫಿಗರ್ -ಎ.

ಕರೆಂಟಿಗೆ ಒಂದು ಉಪಾಯ: ಮೊದಲು ಆಪ್ಟ್ ಫುಲ್-ಅಪ್‌ಗ್ರೇಡ್ --ಡೌನ್‌ಲೋಡ್-ಓನ್ಲಿ. ಇದು ಎಷ್ಟು ಸಲ ಕಡಿದರೂ ಅಪಾಯ ಇಲ್ಲ. ಬಿಚ್ಚಿ ಹಾಕುವ ಭಾಗವನ್ನು ಮಾತ್ರ ಕರೆಂಟು ಗಟ್ಟಿ ಇರುವ ಹೊತ್ತಿಗೆ ಇಟ್ಟುಕೊಳ್ಳಿ. ರೂಟ್ ಪಾರ್ಟಿಷನ್‌ನಲ್ಲಿ 5 ಜಿಬಿ ಖಾಲಿ ಇರಲಿ. /ಬೂಟ್ ಬೇರೆ ಪಾರ್ಟಿಷನ್ ಆಗಿದ್ದರೆ 13ಕ್ಕೆ ಹೋಗುವ ಮುಂಚೆ ಅದು ಕನಿಷ್ಠ 768 ಎಂಬಿ ಇದ್ದು, 300 ಎಂಬಿ ಖಾಲಿ ಇರಬೇಕು. ಹಳೇ ಕರ್ನಲ್‌ಗಳನ್ನು ಆಪ್ಟ್ ಆಟೊರಿಮೂವ್ --ಪರ್ಜ್ ತೆಗೆಯುತ್ತದೆ.

ತಿಪಟೂರು_ಕೊಬ್ಬರಿ

13 ಆದ ಮೇಲೆ ಮೊದಲ ಸಿ ಲ್ಯಾಬ್ ದಿನವೇ ದೂರು ಬರುವ ವಿಷಯ ಒಂದಿದೆ. ಸಿ ಕಂಪೈಲರ್ ಆದ ಜಿಸಿಸಿಯ ಆವೃತ್ತಿ ಡೆಬಿಯನ್ 11ರಲ್ಲಿ 10.2, ಡೆಬಿಯನ್ 13ರಲ್ಲಿ 14.2. ಜಿಸಿಸಿ 14ರಿಂದ, ಘೋಷಿಸದ ಫಂಕ್ಷನ್ ಕರೆಯುವುದು, ಇಂಟ್ ಇಲ್ಲದೆ ಬರೀ ಮೇನ್() ಎಂದು ಬರೆಯುವುದು ಎಚ್ಚರಿಕೆ ಅಲ್ಲ, ತಪ್ಪು. ಹಳೇ ರೆಕಾರ್ಡ್ ಪುಸ್ತಕದ ಅರ್ಧ ಪ್ರೋಗ್ರಾಂ ನಿಲ್ಲುತ್ತವೆ: ಸ್ಟ್ರಿಂಗ್.ಎಚ್ ಸೇರಿಸದೆ ಎಸ್‌ಟಿಆರ್‌ಎಲ್‌ಇಎನ್ ಕರೆದವು, ಗೆಟ್ಸ್ ಬಳಸಿದವು. ಪ್ರೋಗ್ರಾಂ ತಿದ್ದುವುದೇ ಸರಿ, ಗೆಟ್ಸ್ ಬದಲು ಎಫ್‌ಗೆಟ್ಸ್. ಪರೀಕ್ಷೆ ಹತ್ತಿರ ಇದ್ದರೆ -ಎಫ್‌ಪರ್ಮಿಸಿವ್ ಕೊಟ್ಟು ಸದ್ಯಕ್ಕೆ ದಾಟಿಸಬಹುದು.

ಪೈಥಾನ್‌ನಲ್ಲಿ 12ರಿಂದಲೇ ಸಿಸ್ಟಂ ಮೇಲೆ ಪಿಪ್ ಇನ್‌ಸ್ಟಾಲ್ ನಡೆಯುವುದಿಲ್ಲ, ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್’ ಎನ್ನುತ್ತದೆ. ಪೈಥಾನ್3-ವೆನ್ವ್ ಹಾಕಿ ಪ್ರತ್ಯೇಕ ಪರಿಸರ ಮಾಡಿಸಿ. ಆವೃತ್ತಿ 3.9ರಿಂದ 3.13ಕ್ಕೆ ಹೋಗುವುದರಿಂದ ಹಳೇ ವೆನ್ವ್ ಫೋಲ್ಡರುಗಳನ್ನು ಅಳಿಸಿ ಹೊಸದಾಗಿ ಮಾಡಬೇಕು.

4 ಜಿಬಿ ಯಂತ್ರಗಳಲ್ಲಿ 13 ಹಾಕಿದ ಮೇಲೆ /ಟಿಎಂಪಿ ರ್‍ಯಾಮಿನಲ್ಲಿರುತ್ತದೆ, ಅರ್ಧ ರ್‍ಯಾಮಿನ ಮಿತಿಯವರೆಗೆ. ದೊಡ್ಡ ಫೈಲು ಅಲ್ಲಿ ಬಿಚ್ಚಿದರೆ ಯಂತ್ರ ತೆವಳುತ್ತದೆ. ಸಿಸ್ಟಂಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್ ಕೊಟ್ಟು ರೀಬೂಟ್ ಮಾಡಿದರೆ ಮತ್ತೆ ಡಿಸ್ಕಿಗೆ.

ಬ್ರೌಸರ್ ರೆಪೊ ಮತ್ತೆ ತೆರೆಯುವಾಗ: 13ರಲ್ಲಿ ಆಪ್ಟ್-ಕೀ ಆಜ್ಞೆಯೇ ಇಲ್ಲ. ಕೀಯನ್ನು /ಇಟಿಸಿ/ಆಪ್ಟ್/ಕೀರಿಂಗ್ಸ್‌ನಲ್ಲಿಟ್ಟು ರೆಪೊ ಸಾಲಿನಲ್ಲಿ ಸೈನ್ಡ್-ಬೈ ಎಂದು ಅದರ ದಾರಿ ಕೊಡಿ. ಇಷ್ಟಾದರೂ ಸಹಿ ಒಪ್ಪದಿದ್ದರೆ ಕೀ ಹಳೇ ಎಸ್‌ಎಚ್‌ಎ-1ನದಿರಬಹುದು, 2026ರ ಫೆಬ್ರವರಿ 1ರಿಂದ 13ರ ಆಪ್ಟ್ ಅದನ್ನು ಒಪ್ಪುವುದಿಲ್ಲ. ಆ ರೆಪೊದವರ ಹೊಸ ಕೀ ಇಳಿಸಿ.

ಶಿರಾಗೇಟ್_ಲ್ಯಾಬ್ (ತುಮಕೂರು)

ಎಲ್‌ಎಸ್‌ಒಎಫ್ ತೋರಿಸಿದ್ದು ಅನ್‌ಅಟೆಂಡೆಡ್-ಅಪ್‌ಗ್ರೇಡೇ. ಬಿಟ್ಟ ಮೇಲೆ --ಕಾನ್ಫಿಗರ್ -ಎ ಪೂರ್ತಿ ಓಡಿತು, ಆಡಿಟ್ ಖಾಲಿ. ಡಿಪಿಕೆಜಿ -ಎಲ್‌ನಲ್ಲಿ ಸುಮಾರು ಸಾಲುಗಳು ‘ಆರ್‌ಸಿ’ ಎಂದಿವೆ, ಇವು ತೊಂದರೆಯಾ?

ಚಿಂತಾಮಣಿ_ಟರ್ಮಿನಲ್

ಅಲ್ಲ. ಪ್ಯಾಕೇಜ್ ಹೋಗಿದೆ, ಅದರ /ಇಟಿಸಿ ಸೆಟ್ಟಿಂಗ್ ಉಳಿದಿದೆ ಎಂದರ್ಥ. ಆಪ್ಟ್ ಪರ್ಜ್ '?ಕಾನ್ಫಿಗ್-ಫೈಲ್ಸ್' ಎಲ್ಲವನ್ನೂ ಗುಡಿಸುತ್ತದೆ, ಆದರೆ ಮರಿಯಾಡಿಬಿ ಅಥವಾ ಪೋಸ್ಟ್‌ಗ್ರೆಸ್‌ಕ್ಯೂಎಲ್ ಹಳೇ ಆವೃತ್ತಿ ಆ ಪಟ್ಟಿಯಲ್ಲಿದ್ದರೆ ಮೊದಲು ಡೇಟಾ ಹೊಸದಕ್ಕೆ ದಾಟಿದೆಯಾ ನೋಡಿ. ಅವುಗಳ ಪರ್ಜ್, ಡೇಟಾ ಫೋಲ್ಡರನ್ನೂ ತೆಗೆಯಬಹುದು. ‘ಐಯು’, ‘ಐಎಫ್’ ಎಂದಿರುವ ಸಾಲು ಕಂಡರೆ ಮಾತ್ರ ಇಲ್ಲಿ ಹಾಕಿ.